ಕಾರ್ಲಾಕ್ ಯಾಕೆ ಬಿಟ್ಟು ಹೋದಳು?

ಕಳೆದ ರಜೆಯಲ್ಲಿ ಬೆಂಗಳೂರಿನಿಂದ ನಮ್ಮ ಸಂಪಿಗೆಗೆ ಬಂದಿದ್ದ ಖಾಲಾ ಮಗ ಲ್ಯಾಪ್‌ಟಾಪಿನಲ್ಲಿ ‘ಬಾಲ್ಡರ್ಸ್ ಗೇಟ್ 3’ ಆಡುತ್ತಿದ್ದರು. ಬೆಲ್ಜಿಯಂ ದೇಶದ ಲೇರಿಯನ್ ಸ್ಟುಡಿಯೋಸ್ 2023ರಲ್ಲಿ ಹೊರತಂದ ಆಟ ಇದು. ಹದಿನೆಂಟು ತುಂಬಿದವರಿಗೆ ಮಾತ್ರ ಆದ್ದರಿಂದ ನಾನು ಆಡಲಿಲ್ಲ, ಪಕ್ಕದಲ್ಲಿ ಕೂತು ನೋಡಿದೆ. (ಕೆಲವು ಕಡೆ ಭಾಯಿ ಸ್ಕ್ರೀನನ್ನು ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು.)

ಇಂಥದ್ದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಆಡುವವರೇ ಕತೆಯ ಒಂದು ಪಾತ್ರವಾಗಿ, ಯಾರನ್ನು ಉಳಿಸಬೇಕು, ಯಾರ ಜೊತೆ ಸೇರಬೇಕು ಎಂದು ತೀರ್ಮಾನಿಸಬೇಕು. ದಾರಿಯಲ್ಲಿ ಸಂಗಡಿಗರು ಸಿಗುತ್ತಾರೆ. ಅವರಲ್ಲಿ ಒಳ್ಳೆಯವರು ಎಂದರೆ ಬುದ್ಧಿ ಹೇಳುವ ಸಪ್ಪೆ ಜನ ಅಂದುಕೊಂಡಿದ್ದೆ. ಕಾರ್ಲಾಕ್ ಹಾಗಿಲ್ಲ.

ನಂಬಿದ ಯಜಮಾನನೇ ಅವಳನ್ನು ನರಕಕ್ಕೆ ಮಾರಿಬಿಟ್ಟ. ಅಲ್ಲಿ ಅವಳ ಹೃದಯ ತೆಗೆದು ಬೆಂಕಿಯ ಇಂಜಿನ್ ಕೂರಿಸಿದರು, ಹತ್ತು ವರ್ಷ ಯುದ್ಧ ಮಾಡಿಸಿದರು. ತಪ್ಪಿಸಿಕೊಂಡು ಬಂದರೂ ಯಾರನ್ನೂ ಮುಟ್ಟುವಂತಿಲ್ಲ, ಸುಟ್ಟುಹೋಗುತ್ತಾರೆ. ಇಷ್ಟಾದರೂ ಜೋರಾಗಿ ನಗುತ್ತಾಳೆ, ಬಾಯಿತುಂಬ ಬೈಯುತ್ತಾಳೆ, ಸಾಯಲು ಹೆದರುತ್ತಾಳೆ. ಕಮ್ಮಾರನೊಬ್ಬ ಇಂಜಿನ್ ಸರಿಮಾಡಿದ ಮೇಲೆ ಒಬ್ಬರನ್ನು ತಬ್ಬಿಕೊಳ್ಳಲು ಆಯಿತಲ್ಲ, ಅವಳಿಗೆ ಅದೇ ಹಬ್ಬ.

ವಿಲ್ ಎಂಬ ಇನ್ನೊಬ್ಬ ಸಂಗಡಿಗನಿದ್ದಾನೆ. ಪಿಶಾಚಿಯ ಜೊತೆಗಿನ ಕರಾರಿನ ಪ್ರಕಾರ ಅವನು ಕಾರ್ಲಾಕ್‌ಳನ್ನು ಕೊಲ್ಲಬೇಕು. ಅವಳು ಕೆಟ್ಟವಳಲ್ಲ ಎಂದು ಗೊತ್ತಾಗಿ ಬಿಟ್ಟರೆ, ಶಿಕ್ಷೆಯಾಗಿ ಅವನ ತಲೆಯಲ್ಲಿ ಕೊಂಬು ಮೂಡುತ್ತದೆ. ನಮ್ಮ ಅರ್ಥಶಾಸ್ತ್ರದ ಪಾಠದಲ್ಲಿ ಬರುವ ಅವಕಾಶ ವೆಚ್ಚ ಇದೇ. ಏನೂ ಕಳೆದುಕೊಳ್ಳದವರ ಒಳ್ಳೆತನ ನಮಗೆ ಮನಸ್ಸಿಗೆ ಹತ್ತುವುದಿಲ್ಲ. ಪುಣ್ಯಕೋಟಿ ಕರುವನ್ನು ಬಿಟ್ಟು ಹುಲಿಯ ಹತ್ತಿರ ವಾಪಸ್ ಹೋಗದಿದ್ದರೆ ಗೋವಿನ ಹಾಡನ್ನು ಯಾರು ನೆನಪಿಡುತ್ತಿದ್ದರು?

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಬೇರೆ. ಆಟದಲ್ಲಿ ಒಂದು ತೋಪಿದೆ, ಅಲ್ಲಿ ನಿರಾಶ್ರಿತರು ಉಳಿದುಕೊಂಡಿದ್ದಾರೆ. ಭಾಯಿ ಏನಾಗುತ್ತದೋ ನೋಡೋಣ ಎಂದು ದಾಳಿ ಮಾಡುವವರ ಪಕ್ಷ ಸೇರಿ ಅವರನ್ನು ಕೊಲ್ಲಿಸಿದರು. ಕಾರ್ಲಾಕ್ ಬಿಟ್ಟು ಹೋದಳು. ಮತ್ತೆ ಬರಲಿಲ್ಲ. ನಾವು ಏನು ಮಾಡಿದರೂ ಹಿಂದೆ ಬರುವವಳಾಗಿದ್ದರೆ ಅವಳು ಒಳ್ಳೆಯವಳಲ್ಲ, ನಮ್ಮ ಸಾಮಾನು ಹೊರುವವಳು ಅಷ್ಟೆ.

ಆಗ ನನಗೆ ನೆನಪಾದದ್ದು ಅಕೌಂಟೆನ್ಸಿ ಟೆಸ್ಟ್. ಅವತ್ತು ಬ್ಯಾಲೆನ್ಸ್ ಶೀಟ್ ತೋರಿಸೋ ಎಂದು ಎರಡು ಸಲ ಕೇಳಿದರೂ ಪಕ್ಕದ ಗೆಳೆಯ ಪೇಪರ್ ಮುಚ್ಚಿಕೊಂಡ. ಹತ್ತು ದಿನ ಮಾತು ಬಿಟ್ಟಿದ್ದೆ. ಬಿಟ್ಟದ್ದು ನಾನು, ಅವನಲ್ಲ.

“ಆಟ ತಾನೆ” ಎಂದು ಭಾಯಿ ನಕ್ಕರು. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಹಳೆಯ ಸೇವ್ ಫೈಲ್ ಹಾಕಿ, ಆ ತೋಪಿನ ಬಾಗಿಲಿನಿಂದ ಮತ್ತೆ ಶುರು ಮಾಡಿದರು.