ಗಾಳಿಗೆ ಸಿಕ್ಕಿದ ಕಡಲಹಕ್ಕಿ

ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಹೊರಟವರು ಆಷಾಢದಲ್ಲಿ ಕೌದಳ್ಳಿಯ ಬಳಿ ನಿಂತು ನೋಡಿದರೆ, ಪಡುವಣ ಗಾಳಿಯು ಧೂಳೆಬ್ಬಿಸುವುದನ್ನೂ ಮೋಡಗಳು ಬಹುಮಟ್ಟಿಗೆ ಹನಿಯುದುರಿಸದೆ ಸಾಗಿಹೋಗುವುದನ್ನೂ ಕಾಣುವರು. ತನ್ನ ನೀರನ್ನೆಲ್ಲ ಘಟ್ಟದ ಆಚೆಗೇ ಚೆಲ್ಲಿ ಬಂದ ಈ ಗಾಳಿಯು ಕರಾವಳಿಯಲ್ಲಿ ಮಳೆಯೊಡನೆ ಒಮ್ಮೊಮ್ಮೆ ಬಳಲಿದ ಹಕ್ಕಿಯೊಂದನ್ನೂ ಮರಳಿನ ಮೇಲೆ ಕೆಡಹುವುದುಂಟು. ಸಮುದ್ರವನ್ನೇ ಕಾಣದ ಸೀಮೆಯವರಿಗೆ ಈ ಮಾತೇಕೆಂದು ವಾಚಕರು ಕೇಳಬಹುದು. 1956ರ ವರೆಗೆ ಕೊಳ್ಳೇಗಾಲವೂ ದಕ್ಷಿಣ ಕನ್ನಡವೂ ಒಂದೇ ಮದರಾಸಿನ ಆಳಿಕೆಗೆ ಸೇರಿದ್ದುವೆಂಬುದು ಹಾಗಿರಲಿ. ಈ ಹಕ್ಕಿಯು ಬಿರುಗಾಳಿಗೆ ಸಿಕ್ಕಿ ಒಳನಾಡಿನಲ್ಲಿ ಬಿದ್ದ ದಾಖಲೆಗಳೂ ಭಾರತದಲ್ಲಿವೆ.

ಇದನ್ನು ಆಂಗ್ಲರು ಸೂಟಿ ಟರ್ನ್ ಎನ್ನುವರು. ಕಾವೇರಿಯ ಮಡುಗಳ ಮೇಲೆ ಹಾರಾಡುವ ನದೀ ರೀವದ ಬಂಧು. ಮೇಲೆಲ್ಲ ಮಸಿಗಪ್ಪು, ಹಣೆಯೂ ಹೊಟ್ಟೆಯೂ ಬಿಳುಪು, ಬಾಲ ಕವಲು, ತೂಕ ಸುಮಾರು 200 ಗ್ರಾಂ. ಲಕ್ಷದ್ವೀಪದಲ್ಲಿ ಕವರತ್ತಿಗೆ ವಾಯವ್ಯದಲ್ಲಿರುವ, ಸುಮಾರು ಮೂರೇ ಎಕರೆಯ ನಿರ್ಜನವಾದ ಪಿಟ್ಟಿ ದಿಣ್ಣೆಯು ಇದು ಮೊಟ್ಟೆಯಿಡುವ ಸ್ಥಳಗಳಲ್ಲೊಂದು. ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣರಾದ ಹ್ಯೂಮ್ ಮಹಾಶಯರೇ 1875ರಲ್ಲಿ ಆ ದ್ವೀಪಗಳನ್ನು ಸುತ್ತಿ, ಅಲ್ಲಿನ ಪಕ್ಷಿಗಳ ವೃತ್ತಾಂತವನ್ನು ಮರುವರ್ಷ ತಮ್ಮ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಪತ್ರಿಕೆ ನಡೆಸುವವರಾದ ನಮಗೆ ಇದನ್ನು ಹೇಳುವುದರಲ್ಲಿ ಸ್ವಲ್ಪ ಹೆಮ್ಮೆಯೂ ಇದೆ.

ಈ ಜೀವಿಯ ಬಾಳು ವಿಚಿತ್ರವಾದುದು. ಗೂಡು ಬಿಟ್ಟ ಮರಿಯು ವರ್ಷಗಟ್ಟಲೆ ನೆಲಕ್ಕೆ ಕಾಲೂರದೆ ಕಡಲ ಮೇಲೆಯೇ ಹಾರುತ್ತಿರುವುದು. ನೀರಿನ ಮೇಲ್ಮೈಗೆ ಬಂದ ಸಣ್ಣ ಮೀನನ್ನು ಹಾರುತ್ತಲೇ ಕೊಕ್ಕಿನಿಂದ ಎತ್ತಿಕೊಳ್ಳುವುದು. ಕಡಲಹಕ್ಕಿಯಾದರೂ ನೀರಿನ ಮೇಲೆ ಕೂತು ವಿಶ್ರಮಿಸಲು ಅದಕ್ಕೆ ಅನುಕೂಲವಿಲ್ಲ. ಬಾತಿನ ಗರಿಯಂತೆ ಅದರ ಗರಿಯು ನೀರನ್ನು ತಡೆಯದೆ ನೆನೆದುಬಿಡುವುದು. ಆದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಿರುಗಾಳಿಯಲ್ಲಿ ಆಹಾರ ಸಿಕ್ಕದೆ ಸೋತುದಕ್ಕೆ ದಡದ ಹೊರತು ಬೇರೆ ಗತಿಯಿಲ್ಲ.

ಅಲ್ಲಿ ನಡೆಯುವ ಪ್ರಮಾದವನ್ನು ಹೇಳಲೆಂದೇ ನಾವು ಇಷ್ಟು ಬರೆದೆವು. ಕಡಲಿನ ಹಕ್ಕಿ ಕಡಲಿಗೇ ಸೇರಲೆಂದು ಸಜ್ಜನರು ಅದನ್ನು ಅಲೆಗಳಿಗೆ ತಿರುಗಿ ಬಿಡುವರು. ದಯೆಯಿಂದ ಮಾಡಿದ ಈ ಕಾರ್ಯವು ಅದನ್ನು ಮುಳುಗಿಸಿದಂತೆಯೇ ಸರಿ. ಇನ್ನು ಕೆಲವರು ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಫೋಟೋ ತೆಗೆಸಿಕೊಳ್ಳುವರು. ಅವರ ವಿಷಯವಾಗಿ ನಾವೇನೂ ಹೇಳೆವು. ಮಾಡತಕ್ಕುದು ಇಷ್ಟೆ: ಗಾಳಿಯಾಡುವ ತೂತುಗಳುಳ್ಳ ರಟ್ಟಿನ ಪೆಟ್ಟಿಗೆಯಲ್ಲಿ ಒಣಬಟ್ಟೆ ಹಾಸಿ, ಹಕ್ಕಿಯನ್ನು ಕತ್ತಲೆಯಲ್ಲಿ ಸದ್ದಿಲ್ಲದೆಡೆ ಇರಿಸಬೇಕು, ಬಾಯಿಗೆ ನೀರು ಸುರಿಯಕೂಡದು, ತಡಮಾಡದೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. 1972ರ ವನ್ಯಜೀವಿ ಕಾಯಿದೆಯ ಮೇರೆಗೆ ಅದನ್ನು ಮನೆಯಲ್ಲಿ ಸಾಕಿಕೊಳ್ಳಲು ಯಾರಿಗೂ ಅಧಿಕಾರವಿಲ್ಲ. ಮುಂಗಾರಿಗೆ ಮುಂಚೆಯೇ ಅಧಿಕಾರಿಗಳು ಈ ನಾಲ್ಕು ಮಾತುಗಳನ್ನು ಮೀನುಗಾರರ ಬಂದರುಗಳಲ್ಲಿ ಕನ್ನಡದಲ್ಲಿ ಬರೆಸಿ ಹಾಕಿದರೆ ಖರ್ಚೇನೂ ಹೆಚ್ಚಾಗದು. ಸತ್ತ ಹಕ್ಕಿ ಸಿಕ್ಕಿದರೂ ಊರು, ದಿನಗಳನ್ನು ಗುರುತುಹಾಕಿಕೊಂಡು, ಕಾಲಿನಲ್ಲಿ ಲೋಹದ ಬಳೆಯಿದ್ದರೆ ಅದರ ಮೇಲಿನ ಅಂಕೆಯನ್ನು ಬರೆದು ಕಳುಹಿಸತಕ್ಕುದು.