ಮನೆಯಲ್ಲೇ ಕುಳಿತು ಮೊದಲ ತೆರಿಗೆ ರಿಟರ್ನ್

ಜುಲೈ ತಿಂಗಳು ಕಾಲಿಟ್ಟಿತೆಂದರೆ ಸಂಬಳದ ಮನೆಗಳಲ್ಲಿ ಮಳೆಗಾಲದ ಚಿಂತೆಯೊಡನೆ ಇನ್ನೊಂದು ಚಿಂತೆಯೂ ಸೇರಿಕೊಳ್ಳುತ್ತದೆ. ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಬೇಕು. ಆದರೆ ಸಲ್ಲಿಸಿಕೊಡುವವರು ಯಾರು? ಕಾಗದದ ಫಾರಂ ಹೋಗಿ ಗಣಕಯಂತ್ರ ಬಂದ ಮೇಲಂತೂ ಇದು ತಮ್ಮಿಂದಾಗದ ಕೆಲಸವೆಂದು ಅನೇಕರು ಕೈಕಟ್ಟಿ ಕುಳಿತಿದ್ದಾರೆ. ಹತ್ತನೆಯ ತರಗತಿಯ ಲೆಕ್ಕ ಮಾಡಬಲ್ಲವರಿಗೆ ಇದು ಕಠಿಣವಲ್ಲ. ಕಠಿಣವಾದುದು ಬೇರೊಂದಿದೆ; ಅದು ನಮ್ಮ ಹೆಸರು.

ಇದನ್ನು ತಿಳಿಯಲು ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರ ಇನ್ನೊಂದು ಊರನ್ನು ನೋಡೋಣ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರು ಕನ್ನಡ, ತೆಲುಗು, ತಮಿಳು ಮೂರೂ ಕೂಡಿ ಬಾಳುವ ಊರು. 1980ರ ದಶಕದಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳು ಬೆಳೆದು, 2019ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಅಲ್ಲಿನ ಆಲಸನತ್ತಂನಂಥ ಬಡಾವಣೆಯ ಕನ್ನಡ ಮನೆಯಲ್ಲಿ ಮಗನಿಗೆ ಮೊದಲ ಸಂಬಳ ಬಂದು, ಅದರಲ್ಲಿ ತೆರಿಗೆ ಮುರಿದಿದೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಅವನ ಹೆಸರು ಕನ್ನಡದ್ದು. ದಾಖಲೆಯಲ್ಲಿ ಅದು ತಮಿಳು ಲಿಪಿಯ ಮೂಲಕ ಹಾದು ಇಂಗ್ಲಿಷಿಗೆ ಬಂದದ್ದು. ತಮಿಳಿನಲ್ಲಿ ‘ಕ’ಕ್ಕೂ ‘ಗ’ಕ್ಕೂ ಒಂದೇ ಅಕ್ಷರ, ‘ಪ’ಕ್ಕೂ ‘ಬ’ಕ್ಕೂ ಒಂದೇ. ಬಸಪ್ಪ ಪಸಪ್ಪನಾಗಲು ಎಷ್ಟು ಹೊತ್ತು? ಇನ್ನು ತಂದೆಯ ಹೆಸರು ಒಂದು ಕಡೆ ಬರಿಯ ಇನಿಶಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು.

ನಮ್ಮ ಕಾಸರಗೋಡಿನಲ್ಲಿಯೂ ಸ್ಥಿತಿ ಬೇರೆಯಲ್ಲ. ‘ತ’ಕಾರಕ್ಕೆ ಒಬ್ಬ ಗುಮಾಸ್ತರು ಇಂಗ್ಲಿಷಿನಲ್ಲಿ ‘ಟಿ’ ಮಾತ್ರ ಬರೆದರೆ ಇನ್ನೊಬ್ಬರು ‘ಟಿ, ಎಚ್’ ಬರೆಯುತ್ತಾರೆ. ಒಂದೆಡೆ ಭಟ್ಟ, ಇನ್ನೊಂದೆಡೆ ಭಟ್. ಮನುಷ್ಯರ ಕಣ್ಣಿಗೆ ಇಬ್ಬರೂ ಒಬ್ಬರೇ. ಯಂತ್ರದ ಕಣ್ಣಿಗೆ ಇಬ್ಬರು.

ಇದರಿಂದಾಗುವ ನಷ್ಟ ಸಣ್ಣದಲ್ಲ. ಪ್ಯಾನ್ ಮತ್ತು ಆಧಾರ್ ಜೋಡಿಸಲು 2023ರ ಜೂನ್ 30 ಕೊನೆಯ ದಿನವಾಗಿತ್ತು. ಜೋಡಿಸದ ಪ್ಯಾನ್ ಮರುದಿನದಿಂದ ನಿಷ್ಕ್ರಿಯವಾಯಿತು. 80 ವರ್ಷ ದಾಟಿದವರು ಮೊದಲಾದ ಕೆಲವರಿಗಷ್ಟೇ ವಿನಾಯಿತಿ. ಪ್ಯಾನ್ ನಿಷ್ಕ್ರಿಯವಾದರೆ ಹೆಚ್ಚಿನ ದರದಲ್ಲಿ ತೆರಿಗೆ ಮುರಿಯುತ್ತಾರೆ. ಮರಳಬೇಕಾದ ಹಣವೂ ಬಾರದು. ಹೆಸರು ತಾಳೆಯಾಗದೆ ಜೋಡಣೆ ನಿಂತಿದ್ದರೆ ಮೊದಲು ಅದನ್ನೇ ಸರಿಪಡಿಸಬೇಕು. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡು ಸಲ ಮಾತ್ರ ಅವಕಾಶ. ಆದುದರಿಂದ ಯಾವ ದಾಖಲೆಯ ಹೆಸರನ್ನು ಉಳಿಸಿಕೊಳ್ಳುವುದೆಂದು ಮನೆಯವರೆಲ್ಲ ಕುಳಿತು ನಿರ್ಧರಿಸಿದ ಮೇಲೆಯೇ ಅರ್ಜಿ ಹಾಕುವುದು ಲೇಸು.

ಹೆಸರು ಸರಿಯಾಯಿತೆನ್ನಿ. ಮುಂದಿನ ದಾರಿ ಸುಗಮ. ಕೆಲಸ ಕೊಟ್ಟವರು ಜೂನ್ ಮಧ್ಯದೊಳಗೆ ಕೊಡುವ ಫಾರಂ 16, ಬ್ಯಾಂಕಿನ ಬಡ್ಡಿಯ ಲೆಕ್ಕ, ಆಧಾರಿಗೆ ಜೋಡಿಸಿದ ಮೊಬೈಲು ಇವನ್ನು ಹತ್ತಿರವಿಟ್ಟುಕೊಳ್ಳಿ. ಇಲಾಖೆಯ ಪೋರ್ಟಲಿನಲ್ಲಿ ಪ್ಯಾನ್ ಸಂಖ್ಯೆಯೇ ನಿಮ್ಮ ಗುರುತು. ಗುಪ್ತಪದ ಮಾತ್ರ ನೀವೇ ಇಟ್ಟುಕೊಳ್ಳತಕ್ಕದ್ದು. ಬಳಿಕ ವರ್ಷವನ್ನು ಆರಿಸಬೇಕು. ಹೊಸಬರು ಎಡವುವುದು ಇಲ್ಲಿಯೇ. 1961ರ ಕಾಯಿದೆಯ ಪ್ರಕಾರ ಗಳಿಸಿದ ವರ್ಷ ಒಂದು, ತೆರಿಗೆ ನಿರ್ಧರಿಸುವ ವರ್ಷ ಅದರ ಮುಂದಿನದು. 2025-26ರ ಗಳಿಕೆಗೆ 2026-27ನ್ನು ಆರಿಸಬೇಕು. 2026ರ ಏಪ್ರಿಲ್ 1ರಿಂದೀಚೆಗಿನ ಗಳಿಕೆಗೆ ಅನ್ವಯಿಸುವ 2025ರ ಹೊಸ ಕಾಯಿದೆಯಲ್ಲಿ ಈ ಗೊಂದಲವಿಲ್ಲ. ಅಲ್ಲಿ ‘ತೆರಿಗೆ ವರ್ಷ’ ಎಂಬುದು ಒಂದೇ.

ಸಂಬಳ ಅಥವಾ ಪಿಂಚಣಿ, ಬಡ್ಡಿ ಇಷ್ಟೇ ಇದ್ದು ಒಟ್ಟು ಆದಾಯ 50 ಲಕ್ಷ ರೂಪಾಯಿ ಮೀರದವರಿಗೆ ಸಾಮಾನ್ಯವಾಗಿ ‘ಸಹಜ್’ ಎಂಬ ಐಟಿಆರ್-1 ಸಾಕು. ಆದರೆ ಅಡಿಕೆ ತೋಟವಿರುವ ನಮ್ಮವರೂ ಹೂವು ಬೆಳೆಯುವ ಹೊಸೂರಿನವರೂ ಒಂದು ಮಾತು ನೆನಪಿಡಬೇಕು. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವಾದರೂ, ಅದು 5,000 ರೂಪಾಯಿ ಮೀರಿದರೆ ಈ ಫಾರಂ ಸಲ್ಲದು. ಸಂಬಳದೊಡನೆ ತೋಟವೂ ಇದ್ದವರಿಗೆ ಐಟಿಆರ್-2 ಬೇಕಾಗುತ್ತದೆ.

ಫಾರಂ ತೆರೆದಾಗ ಹೆಚ್ಚಿನ ಅಂಕೆಗಳು ತುಂಬಿಯೇ ಇರುತ್ತವೆ. ತುಂಬಿದೆಯೆಂದು ಕಣ್ಣುಮುಚ್ಚಿ ಒಪ್ಪಬಾರದು. ಫಾರಂ 16ರೊಡನೆ, ವಾರ್ಷಿಕ ಮಾಹಿತಿ ಪಟ್ಟಿಯೊಡನೆ ಸಾಲುಸಾಲಾಗಿ ತಾಳೆ ನೋಡಬೇಕು. ಸಲ್ಲಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಮೊಬೈಲಿಗೆ ಬರುವ ಸಂಖ್ಯೆಯನ್ನು ಕೊಟ್ಟು 30 ದಿನಗಳೊಳಗೆ ದೃಢೀಕರಿಸದಿದ್ದರೆ ಸಲ್ಲಿಸಿದ್ದೂ ಸಲ್ಲಿಸದಂತೆಯೇ. ಅದಾಗದವರು ಸಹಿ ಮಾಡಿದ ಹಾಳೆಯನ್ನು ಅಂಚೆಯಲ್ಲಿ ಬೆಂಗಳೂರಿನ ಕೇಂದ್ರಕ್ಕೆ ಕಳುಹಿಸಬಹುದು. ಆ ಕೇಂದ್ರವಿರುವುದು ಹೊಸೂರು ರಸ್ತೆಯ ಮಗ್ಗುಲಿನಲ್ಲಿ. ದೇಶದ ರಿಟರ್ನುಗಳ ಲೆಕ್ಕ ನೋಡುವ ಕೇಂದ್ರ ಪಕ್ಕದಲ್ಲೇ ಇದ್ದರೂ, ಹೆಸರು ಕೂಡಿಬಾರದ ಆಲಸನತ್ತಂನ ಮನೆಗೆ ಅದು ದೂರವೇ ಸರಿ.

‘12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ, ರಿಟರ್ನ್ ಯಾಕೆ?’ ಎಂದು ಕೇಳುವವರುಂಟು. 2025-26ರಿಂದ ಹೊಸ ಪದ್ಧತಿಯಲ್ಲಿ ಆ ರಿಯಾಯಿತಿ ಇರುವುದು ನಿಜ. ಆದರೆ ಆದಾಯ 4 ಲಕ್ಷ ಮೀರಿದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು. ಜುಲೈ 31ರ ಗಡುವು ತಪ್ಪಿದರೆ ವಿಳಂಬ ಶುಲ್ಕ 5,000 ರೂಪಾಯಿ. ಆದಾಯ 5 ಲಕ್ಷದೊಳಗಿದ್ದರೆ 1,000. ಬ್ಯಾಂಕು ಮುರಿದ ತೆರಿಗೆಯನ್ನು ಮರಳಿ ಪಡೆಯಲಿಕ್ಕೂ ಇದೇ ದಾರಿ.

ನಮ್ಮಲ್ಲಿ ಅಕ್ಷಯ ಕೇಂದ್ರಗಳಿವೆ, ತಮಿಳುನಾಡಿನಲ್ಲಿ ಇ-ಸೇವೈ ಕೇಂದ್ರಗಳಿವೆ. ಸಹಾಯ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಗುಪ್ತಪದವನ್ನೂ ಮೊಬೈಲಿನ ಸಂಖ್ಯೆಯನ್ನೂ ಯಾರ ಕೈಗಾದರೂ ಒಪ್ಪಿಸಿ ಎದ್ದು ಬರಬಾರದು. ಹೆಚ್ಚು ಹಣ ಮರಳಿಸಿಕೊಡುತ್ತೇವೆಂದು ಸುಳ್ಳು ಕಡಿತ ತೋರಿಸುವ ದಲ್ಲಾಳಿಗಳೂ ಇದ್ದಾರೆ. 2025ರ ಜುಲೈ 14ರಂದು ಇಲಾಖೆಯು ಇಂಥ ಸುಳ್ಳು ಲೆಕ್ಕಗಳಿಗಾಗಿ 150 ಕಡೆ ತಪಾಸಣೆ ನಡೆಸಿತು. ದಲ್ಲಾಳಿ ಬರೆದರೂ ಹೊಣೆ ಹೆಸರಿನವನದೇ.

ಕೊನೆಗೊಂದು ಮಾತು. ಮಗುವಿನ ಹೆಸರನ್ನು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರೆಯುವವರು ಅಧ್ಯಾಪಕರಾದ ನಾವು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಅಚ್ಚಾಗುವುದು ಅದೇ. ಮಗುವನ್ನು ಸೇರಿಸುವ ದಿನ ತಾಯ್ತಂದೆಯರು ಜನನಪತ್ರ, ಆಧಾರ್ ಎರಡನ್ನೂ ತರಲಿ. ಇಂಗ್ಲಿಷಿನ ಅಕ್ಷರಗಳನ್ನು ಒಂದೊಂದಾಗಿ ನಮ್ಮಿಂದ ಓದಿಸಿ ಕೇಳಲಿ. ಅದಕ್ಕೆ ಹಿಡಿಯುವುದು ಐದು ನಿಮಿಷ. ಹಿಡಿಯದಿದ್ದರೆ ಇಪ್ಪತ್ತು ವರ್ಷದ ಅನಂತರ ಅಲೆದಾಟ.