ಲೆಕ್ಕದ ಆಟ: ಕೊಳ್ಳುವವರು ಯಾರು?

ಸೋಮನಾಥಪುರ: ಹದಿಮೂರನೆಯ ಶತಮಾನದ ಕೇಶವ ದೇಗುಲದ ನಕ್ಷತ್ರಾಕಾರದ ತಳವಿನ್ಯಾಸ ಕಣ್ಣೆದುರಿರುವ ಊರಿನ ಮಕ್ಕಳಿಗೆ ರೇಖಾಗಣಿತದ ಆಟ ರೂಪಿಸುವುದು ಸುಲಭ. ಆದರೆ ಶಾಲೆಗಳಿಗೆ ಗಣಿತದ ಆಟ ತಯಾರಿಸುವ ಪುಟ್ಟ ಕಂಪನಿಯು ಇಂಥ ಊರಿನ ಸರಕಾರಿ ಶಾಲೆಯನ್ನು ಗಿರಾಕಿಯೆಂದು ಎಣಿಸಿದರೆ ಮೊದಲ ಲೆಕ್ಕವೇ ತಪ್ಪುತ್ತದೆ.

ಆಡುತ್ತ ಕಲಿಯುವುದು ಮೈಸೂರು ಜಿಲ್ಲೆಗೆ ಹೊಸತಲ್ಲ. 1995ರಲ್ಲಿ ಯುನಿಸೆಫ್ ನೆರವಿನೊಡನೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿತು. ಬೆಂಗಳೂರಿನ ಅಕ್ಷರ ಫೌಂಡೇಷನ್ 4 ಮತ್ತು 5ನೇ ತರಗತಿಗಳಿಗೆ 'ಗಣಿತ ಕಲಿಕಾ ಆಂದೋಲನ'ದ ಕಿಟ್ ರೂಪಿಸಿತು. ಅದು ಹೊರತಂದ 'ಬಿಲ್ಡಿಂಗ್ ಬ್ಲಾಕ್ಸ್' ಎಂಬ ಮೊಬೈಲ್ ಆಟವೂ ಉಚಿತ. ಪುಕ್ಕಟೆ ಸಿಗುವುದರ ಎದುರು ಅಂಗಡಿ ತೆರೆಯುವುದೆಂತು?

ಇಲಾಖೆಯೇ ಕೊಳ್ಳುವುದಾದರೆ, ದೊಡ್ಡ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಆಗಬೇಕು. ಹಿಂದಿನ ವರ್ಷಗಳ ವಹಿವಾಟು, ಅನುಭವ, ಠೇವಣಿ ಕೇಳುವುದು ವಾಡಿಕೆ. ನಿನ್ನೆ ಹುಟ್ಟಿದ ಕಂಪನಿ ಇವನ್ನೆಲ್ಲಿಂದ ತಂದೀತು? ಹೀಗಾಗಿ ಅದು ನಗರದ ಖಾಸಗಿ ಶಾಲೆಗಳ ಕದ ತಟ್ಟುತ್ತದೆ. ಅಲ್ಲಿ ಜೂನ್‌ಗೆ ಮೊದಲೇ ಪುಸ್ತಕ, ಶುಲ್ಕಗಳು ನಿಗದಿಯಾಗಿರುತ್ತವೆ. ಆ ಗಡುವು ತಪ್ಪಿದರೆ ಮತ್ತೊಂದು ವರ್ಷ ಕಾಯಬೇಕು. ಸಿಬ್ಬಂದಿಯ ಸಂಬಳವನ್ನು ಮಾತ್ರ ತಿಂಗಳು ತಿಂಗಳೂ ಕೊಡಬೇಕು.

ಆಟ ಹೆಚ್ಚು ಬೇಕಾದ ಮಗು ಗಿರಾಕಿಯಾಗಲಾರದು ಎಂಬುದೇ ಈ ವ್ಯಾಪಾರದ ತೊಡಕು. ಪರದೆಯಿಲ್ಲದ ಆಟಕ್ಕೆ ಖರ್ಚು ಕಡಿಮೆ: ಅಳಿಗುಳಿಮಣೆಯಲ್ಲಿ ಕೊನೆಯ ಹುಣಸೆಬೀಜ ಯಾವ ಗುಳಿಗೆ ಬೀಳುವುದೆಂದು ಮುಂಚಿತವಾಗಿ ಎಣಿಸುವ ಮಗುವಿಗೆ ಕರೆಂಟೂ ಬೇಡ, ಮೊಬೈಲೂ ಬೇಡ. ಆದರೆ ಅದರಲ್ಲಿ ಕಂಪನಿಗೆ ಉಳಿಯುವ ಲಾಭವೂ ಅಷ್ಟಕ್ಕಷ್ಟೇ.